ನಮ್ಮ ಸಂಸಾರ ಎಷ್ಟು ಲೀಟರು?

ಒಬ್ಬ ಬಿ.ಎಸ್ಸಿ. ಪದವೀಧರ, ಅಂಬರನಾಥದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಹದಿನೆಂಟು ವರ್ಷ ಅಳತೆ ನೋಡಿ ನೋಡಿ ಕಣ್ಣು ಸವೆಸಿದವನು. ಒಂದು ಬೆಳಿಗ್ಗೆ ಅನ್ನ ಮಾಡುವ ಕರೆಂಟ್ ಕುಕ್ಕರ್ ತರುತ್ತೇನೆಂದು ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಗೆ ಹೋದ. ಕಿಸೆಯಲ್ಲಿ ದುಡ್ಡಿತ್ತು. ಅಂಗಡಿ ತೆರೆದಿತ್ತು. ಒಳಗೆ ಕುಕ್ಕರ್‌ಗಳ ಸಾಲೇ ಇತ್ತು. ಆದರೂ ಒಂದು ಗಂಟೆಯ ಮೇಲೆ ಬರಿಗೈಯಲ್ಲಿ ವಾಪಸು ಬಂದ. ಏನಾಗಿರಬಹುದು, ಹೇಳಿ ನೋಡೋಣ?

ಕಿಸೆಗಳ್ಳರ ಕೆಲಸವೇ? ಅಲ್ಲ. ಚೌಕಾಶಿ ಜಗಳಕ್ಕೆ ಹೋಯಿತೇ? ಅಲ್ಲ. ಹೆಂಡತಿ ಜೊತೆಗಿದ್ದಳೇ? ಅದೂ ಅಲ್ಲ. ಬಿಡಿ, ನಿಮಗೆ ಹೊಳೆಯುವುದಿಲ್ಲ. ಇಂಥವು ಎಲ್ಲರಿಗೂ ಆಗುವಂಥವಲ್ಲ, ನನ್ನನ್ನೇ ಹುಡುಕಿಕೊಂಡು ಬರುವಂಥವು. ನಿವೃತ್ತನಾದ ಮೇಲೆ ಮಾಡಲು ಬೇರೆ ಕೆಲಸವಿಲ್ಲದೆ ಇವನ್ನೆಲ್ಲ ಒಂದೊಂದಾಗಿ ನೆನೆದು ಒಬ್ಬನೇ ನಗುತ್ತಿರುತ್ತೇನೆ. ಮನೆಯವರು ಡಾಕ್ಟರಿಗೆ ತೋರಿಸುವ ಮೊದಲು ನಿಮಗೆ ಹೇಳಿಬಿಡುವುದು ಒಳ್ಳೆಯದು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವಳಿಗೆ ನವಿ ಮುಂಬಯಿಯ ವಾಶಿಯಲ್ಲಿ, ಮಸಾಲೆ ಮಾರುಕಟ್ಟೆಯ ಒಂದು ಪೇಢಿಯಲ್ಲಿ, ಅಂದರೆ ಸಗಟು ವ್ಯಾಪಾರದ ಕಚೇರಿಯಲ್ಲಿ, ಟೈಪಿಸ್ಟ್ ಕೆಲಸ ಸಿಕ್ಕಿತು. ಮದುವೆಗೆ ಮುಂಚೆ ಕಲಿತ ಟೈಪಿಂಗ್. ಹದಿನಾರು ವರ್ಷ ಬರೀ ಚಪಾತಿ ಲಟ್ಟಿಸಿದ ಬೆರಳುಗಳಿಗೆ ಮತ್ತೆ ಜೀವ ಬಂದಹಾಗಾಯಿತು. ಬೆಳಿಗ್ಗೆ ಏಳಕ್ಕೆ ಹೊರಟು ಠಾಣೆಯವರೆಗೆ ಲೋಕಲ್, ಅಲ್ಲಿಂದ ವಾಶಿಗೆ ಬಸ್ಸು, ಸಂಜೆ ಏಳೂವರೆಗೆ ವಾಪಸು. ಅವಳು ಕುಣಿಯುವುದೊಂದು ಬಾಕಿ.

ಉಡುಪಿಯಿಂದ ಬಂದು ನಮ್ಮ ಜೊತೆಗಿದ್ದ ಅಮ್ಮ ಮಾತ್ರ ಕುಣಿಯಲಿಲ್ಲ. ಅವರಿಗೆ ಎಪ್ಪತ್ತೆರಡು. ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲಲಾಗದು. ಒಂದು ದಿನ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ತೀರ್ಪು ಕೊಟ್ಟರು.

"ಕೆಲಸಕ್ಕೆ ಹೋಗುವುದಾದರೆ ಹೋಗಲಿ. ನಾನು ಅಡ್ಡಿ ಬರುವವಳಲ್ಲ. ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ತಟ್ಟೆಗೆ ಬಿಸಿ ಅನ್ನ ಬೀಳಬೇಕು. ಬೆಳಿಗ್ಗೆ ಆರಕ್ಕೆ ಮಾಡಿಟ್ಟ ತಂಗಳು ನನಗಾಗದು. ಒಂದು ತಿಂಗಳು ನೋಡುತ್ತೇನೆ. ಮೂರು ಸಲ ತಪ್ಪಿದರೆ ಅವಳು ಮನೆಯಲ್ಲಿರಬೇಕು. ಆಯಿತಾ?"

"ಆಯಿತು" ಎಂದೆ ನಾನು. ನನ್ನ ಪಾಳಿ ರಾತ್ರಿ ಹತ್ತಕ್ಕೆ ಶುರು, ಹಗಲೆಲ್ಲ ಮನೆಯಲ್ಲೇ. ಸಾರು, ಪಲ್ಯ ಅವಳು ಮಾಡಿಟ್ಟು ಹೋಗುವುದು, ಅನ್ನವೊಂದು ನನ್ನ ಪಾಲಿಗೆ. ಆದರೆ ಗ್ಯಾಸ್ ಮುಟ್ಟಬಾರದೆಂದು ನನ್ನ ಮೇಲೆ ಶಾಶ್ವತ ನಿಷೇಧವಿತ್ತು. ಹಿಂದೊಮ್ಮೆ ಹಾಲು ಕಾಯಲಿಟ್ಟು ಪೇಪರ್ ಓದುತ್ತ ಕೂತಿದ್ದೆ. ಹಾಲು ಉಕ್ಕಿ, ಬತ್ತಿ, ಕಪ್ಪಾಗಿ, ಕೊನೆಗೆ ಪಾತ್ರೆಯ ತಳವೇ ಬರ್ನರಿನ ಮೇಲೆ ಕೂತುಬಿಟ್ಟಿತ್ತು. ಅಗ್ರಲೇಖನ ಚೆನ್ನಾಗಿತ್ತು, ಏನು ಮಾಡಲಿ?

ಅದಕ್ಕೇ ತನ್ನಷ್ಟಕ್ಕೆ ತಾನೇ ಆರುವ ಕರೆಂಟ್ ಕುಕ್ಕರ್. ಹೆಂಡತಿಯ ನೌಕರಿ ಆ ಡಬ್ಬಿಯ ಮೇಲೆ ನಿಂತಿತ್ತು.

ಎಷ್ಟು ಜನ?

ಅಂಗಡಿಯ ಸೇಠ್ ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್, ಫ್ಯಾಮಿಲಿ ಮೇ ಕಿತ್ನೇ ಲೋಗ್?"

ಸುಲಭದ ಪ್ರಶ್ನೆ ಅನ್ನಿಸುತ್ತದಲ್ಲವೇ? ನನಗೂ ಹಾಗೇ ಅನ್ನಿಸಿತು. "ನಾಲ್ಕು" ಎಂದೆ. ಅವನು ಒಂದು ಮಧ್ಯಮ ಗಾತ್ರದ ಕುಕ್ಕರ್ ಇಳಿಸಿದ. ಅಷ್ಟರಲ್ಲಿ ನನಗೆ ನೆನಪಾಯಿತು: ಭಾನುವಾರ ಕಲ್ಯಾಣದಿಂದ ಅಕ್ಕ, ಭಾವ, ಅವರ ಮಗ ಬರುತ್ತಾರೆ.

"ಭಾನುವಾರ ಏಳು" ಎಂದೆ. ಅವನು ಅದನ್ನು ಒಳಗಿಟ್ಟು ದೊಡ್ಡದು ಇಳಿಸಿದ.

"ಆದರೆ ಊರಿನಿಂದ ಯಾರಾದರೂ ಇಂಟರ್‌ವ್ಯೂಗೆ ಬಂದರೆ ಎಂಟು. ಇಂಟರ್‌ವ್ಯೂ ಒಂದು ದಿನ, ಬಂದವರು ಇರುವುದು ಒಂದೂವರೆ ತಿಂಗಳು. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಎಲ್ಲ ಸೇರಿ ಹದಿಮೂರು."

ಅವನು ಅದಕ್ಕಿಂತ ದೊಡ್ಡದಕ್ಕಾಗಿ ಸ್ಟೂಲ್ ಹತ್ತಿದ.

"ನಿಲ್ಲಿ, ನಿಲ್ಲಿ. ಮಗಳು ಡಯೆಟಿಂಗ್ ಶುರು ಮಾಡಿದ್ದಾಳೆ. ಅವಳನ್ನು ಅರ್ಧ ಹಿಡಿಯಿರಿ."

ಸೇಠ್ ಸ್ಟೂಲ್‌ನಿಂದ ಕೆಳಗಿಳಿದ. "ಸಾಹೇಬ್, ಆಪ್ ಘರ್ ಜಾಯಿಯೇ. ಪೆಹಲೇ ಗಿನ್ ಕೇ ಆಯಿಯೇ." ಮೊದಲು ಮನೆಗೆ ಹೋಗಿ ಎಣಿಸಿಕೊಂಡು ಬನ್ನಿ ಎಂದು!

ಇದೇ ನಾನು ಬರಿಗೈಯಲ್ಲಿ ಬಂದ ಕಥೆ. ಮನೆಗೆ ಬಂದು ಅಮ್ಮನನ್ನು ಕೇಳಿದೆ: "ನಾವು ಎಷ್ಟು ಜನ ಅಂತ ಲೆಕ್ಕ ಹಿಡಿಯುವುದು?"

ಅಮ್ಮ ಬೆರಳು ಮಡಿಚಲು ಶುರು ಮಾಡಿದರು. "ನೀನು, ಅವಳು, ಮಗು... ಕಾಗೆಗೆ ಒಂದು ತುತ್ತು... ಕಸ ಒಯ್ಯಲು ಬರುವವಳಿಗೆ ಒಂದು ಪಾಲು... ಅಕಸ್ಮಾತ್ ಬಂದವರಿಗೆ ಅಂತ ಇಬ್ಬರದ್ದು ಇರಲೇಬೇಕು."

"ಮತ್ತೆ ನೀವು?"

"ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ ಮಾರಾಯ. ಆ ಯಂತ್ರದಲ್ಲಿ ಮಾಡಿದ್ದು ನನ್ನ ಗಂಟಲಲ್ಲಿ ಇಳಿಯುವುದು ಸಂಶಯ."

ಅಂದರೆ ನೋಡಿ: ಯಾರಿಗಾಗಿ ಕುಕ್ಕರ್ ಬೇಕಿತ್ತೋ ಅವರೊಬ್ಬರನ್ನು ಬಿಟ್ಟು, ಕಾಗೆಯೂ ಸೇರಿ ಊರಿಗೆಲ್ಲ ಅಳತೆ ಸಿಕ್ಕಿತ್ತು.

ದೊಡ್ಡದು

ನಮ್ಮ ಕಾರ್ಖಾನೆಯ ಲೋಡಿಂಗ್ ವಿಭಾಗದಲ್ಲಿ ಕಲಬುರಗಿ ಕಡೆಯ ಒಬ್ಬ ಗೆಳೆಯನಿದ್ದ. ದಿವಾ ಸ್ಟೇಷನ್ ಹತ್ತಿರ ಒಂದೇ ಕೋಣೆಯ ಖೋಲಿಯಲ್ಲಿ ಅವನೂ ಸೇರಿ ಎಂಟು ಜನ ಇದ್ದರು. ಅವರಲ್ಲಿ ಕರೆಂಟ್ ಕುಕ್ಕರ್ ಬಂದು ವರ್ಷವಾಗಿತ್ತು. ಅನುಭವಸ್ಥ ಎಂದು ಅವನ ಸಲಹೆ ಕೇಳಿದೆ.

"ಸಾಹೇಬ್ರ, ಮೊದಲ ಒಂದು ಹೇಳ್ರಿ. ಅದು ರೊಟ್ಟಿ ಬಡಿತೈತೇನ್ರಿ?"

"ಇಲ್ಲ ಮಾರಾಯ, ಅನ್ನ ಮಾತ್ರ."

"ಹಂಗಾದ್ರ ಅರ್ಧಾ ಮಷೀನ್ ಆತಲ್ರಿ ಅದು! ಇರ್ಲಿ. ನನ್ನ ಮಾತು ಕೇಳ್ರಿ, ದೊಡ್ಡದ ತಗೋರಿ. ಸಣ್ಣ ಮನಿಯಾಗ ದೊಡ್ಡ ಭಾಂಡೆ ನಡೀತೈತಿ. ದೊಡ್ಡ ಮನಿಯಾಗ ಸಣ್ಣ ಭಾಂಡೆ ನಡ್ಯಂಗಿಲ್ಲ."

ಎಂಥ ತರ್ಕ! ನನ್ನ ಬಿ.ಎಸ್ಸಿ.ಯಲ್ಲಿ ಇಂಥದೊಂದು ಸೂತ್ರ ಬಂದಿರಲಿಲ್ಲ. ಮರುದಿನವೇ ಮೇಲಿನ ಹಲಗೆಯಲ್ಲಿದ್ದ ಎರಡೂ ಮುಕ್ಕಾಲು ಲೀಟರಿನದನ್ನು ತಂದೆ. ಅದನ್ನಿಟ್ಟ ಮೇಲೆ ನಮ್ಮ ಅಡಿಗೆಮನೆಯಲ್ಲಿ ಉಳಿದದ್ದು ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲುವಷ್ಟು ಜಾಗ.

ಮೊದಲ ದಿನ. ಮಗಳು ಶಾಲೆಯಲ್ಲಿ, ಮನೆಯಲ್ಲಿ ಅಮ್ಮ ಮತ್ತು ನಾನು. ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದೆ. ಆ ಕಡಾಯಿಯಂಥ ಪಾತ್ರೆಯಲ್ಲಿ ಅದು ಹೇಗೆ ಕಂಡಿತೆಂದರೆ, ಮೈದಾನದಲ್ಲಿ ಯಾರೋ ಅಕ್ಕಿ ಚೆಲ್ಲಿ ಓಡಿಹೋದ ಹಾಗೆ. ನೀರು ಹಾಕಿದೆ, ಗುಂಡಿ ಒತ್ತಿದೆ. ಹತ್ತೇ ನಿಮಿಷದಲ್ಲಿ 'ಟಕ್' ಎಂದಿತು. ಆಹಾ, ಏನು ವೇಗ ಎಂದುಕೊಂಡು ಮುಚ್ಚಳ ತೆಗೆದೆ.

ಅನ್ನ ಕಾಣಲಿಲ್ಲ. ತಳಕ್ಕೆ ಒಂದು ಪದರ ಅಂಟಿಕೊಂಡಿತ್ತು. ಸೌಟಿನಿಂದ ಮೆಲ್ಲಗೆ ಅಂಚು ಬಿಡಿಸಿದೆ. ಇಡೀ ಅನ್ನ ಒಂದೇ ತುಂಡಾಗಿ, ದುಂಡಗೆ, ಕೆಳಗೆ ಹೊಂಬಣ್ಣಕ್ಕೆ ತಿರುಗಿ ಎದ್ದು ಬಂತು. ಸರಿಯಾಗಿ ಹನ್ನೆರಡೂವರೆಗೆ ಅದನ್ನು ಅಮ್ಮನ ತಟ್ಟೆಗೆ ಹಾಕಿದೆ. ತಟ್ಟೆ ಪೂರ್ತಿ ಮುಚ್ಚಿಹೋಯಿತು.

ಅಮ್ಮ ಅದನ್ನು ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

"ಹೊತ್ತಿಗೆ ಸರಿಯಾಗಿ ಬಂತು. ಬಿಸಿಯೂ ಉಂಟು" ಎಂದರು ಶಾಂತವಾಗಿ. "ಚಟ್ನಿ ಎಲ್ಲಿ ಮಗಾ?"

ಒಂದು ತಪ್ಪು.

ಸಣ್ಣದು

ಸೇಠ್ ನನ್ನನ್ನು ಕಂಡದ್ದೇ ಕೈಮುಗಿದ. ಪರಿಚಯದ ಗಿರಾಕಿ ಎಂದು ಬದಲಿಸಿ ಕೊಡಲು ಒಪ್ಪಿದ. "ಕ್ಯಾ ಹುವಾ ಸಾಹೇಬ್? ಫ್ಯಾಮಿಲಿ ಛೋಟಾ ಹೋ ಗಯಾ?"

"ಮಧ್ಯಾಹ್ನಕ್ಕೆ ಮಾತ್ರ ಛೋಟಾ" ಎಂದೆ. ಒಂದು ಲೀಟರಿನದು ಕೊಟ್ಟ. ಮುದ್ದಾಗಿತ್ತು, ಬಗಲಲ್ಲಿಟ್ಟುಕೊಂಡೇ ಮನೆಗೆ ಬಂದೆ.

ಎಂಟು ಹತ್ತು ದಿನ ಎಲ್ಲ ಸುಸೂತ್ರ. ಹೆಂಡತಿ ದಿನಾ ಸಂಜೆ ಸೀರೆಯ ತುಂಬ ಜೀರಿಗೆ, ಮೆಣಸಿನ ಘಾಟು ಹೊತ್ತುಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ನೋಡುವಳು. ನಾನು ತಲೆಯಾಡಿಸಿದರೆ ಮಾತ್ರ ಒಳಗೆ ಬರುವಳು.

ಆಗ ಅಮ್ಮ ಹೊಸ ರಾಗ ತೆಗೆದರು. "ಈ ಬಿಳೀ ಬೆಳ್ತಿಗೆ ಅಕ್ಕಿಯ ಅನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಮಗಾ. ಮೂರು ಗಂಟೆಗೇ ಹಸಿವು. ನಾಳೆ ಕುಚ್ಚಲಕ್ಕಿ ಮಾಡು."

ಕುಚ್ಚಲಕ್ಕಿಯ ಸ್ವಭಾವ ಗೊತ್ತಿರುವವರು ಇಲ್ಲಿಯೇ ನಗಲು ಶುರು ಮಾಡಿರುತ್ತೀರಿ. ಅದು ಬೇಯಲು ಕೊಡಗಟ್ಟಲೆ ನೀರು, ಗಂಟೆಗಟ್ಟಲೆ ಹೊತ್ತು ಬೇಕು. ಬೆಂದ ಮೇಲೆ ಗಂಜಿತಿಳಿ ಬಸಿಯಬೇಕು. ನನಗೆ ಗೊತ್ತಿದ್ದದ್ದು ಇಷ್ಟೇ: ನೀರು ಜಾಸ್ತಿ. ಹಾಗಾಗಿ ಬಾಯಿಯವರೆಗೆ ತುಂಬಿಸಿ, ಗುಂಡಿ ಒತ್ತಿ, ಬಾಲ್ಕನಿಗೆ ಹೋಗಿ ಪೇಪರ್ ಹಿಡಿದೆ.

ಪುಟ ತಿರುವುವಾಗ ಒಳಗಿನಿಂದ 'ಬುಸ್' ಎಂಬ ಸದ್ದು. ಹಾವೇ ಬಂತೆಂದು ಹೆದರಿ ಹೋದರೆ, ಕುಕ್ಕರ್ ಮುಚ್ಚಳ ಎತ್ತಿ ಎತ್ತಿ ಹಾಕುತ್ತಿದೆ. ಬಿಳೀ ನೊರೆ ಕಟ್ಟೆಯಿಂದ ನೆಲಕ್ಕೆ, ನೆಲದಿಂದ ಬಾಲ್ಕನಿಗೆ, ಅಲ್ಲಿಂದ ನೀರು ಹೋಗುವ ತೂತಿನಲ್ಲಿ ಕೆಳಕ್ಕೆ, ಯಾರದೋ ಮದುವೆಯ ದಿಬ್ಬಣದ ಹಾಗೆ ನಿಧಾನವಾಗಿ ಹೊರಟಿದೆ. ಪ್ಲಗ್ ಕಿತ್ತೆ, ಒರೆಸಿದೆ, ಮತ್ತೆ ಹಚ್ಚಿದೆ, ಮತ್ತೆ ದಿಬ್ಬಣ. ಅಮ್ಮನ ತಟ್ಟೆಗೆ ಅನ್ನ ಬಿದ್ದಾಗ ಒಂದೂ ಮುಕ್ಕಾಲು. ಎರಡನೇ ತಪ್ಪು.

ಅಷ್ಟರಲ್ಲಿ ಬಾಗಿಲು ಬಡಿಯಿತು. ಕೆಳಗಿನ ಮನೆಯ ಮರಾಠಿ ಹೆಂಗಸು, ಕಟ್ಟಡಕ್ಕೆಲ್ಲ 'ಕಾಕು', ಅಂದರೆ ಚಿಕ್ಕಮ್ಮ. ಕೈಯಲ್ಲಿ ಗಂಡನ ಬಿಳೀ ಅಂಗಿ. ಅವರ ಬಾಲ್ಕನಿಯಲ್ಲಿ ಒಣಹಾಕಿದ್ದು. ನಮ್ಮ ಗಂಜಿತಿಳಿ ಸೀದಾ ಅದರ ಮೇಲೆ ಇಳಿದಿದೆ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಕಾಕು ಅಂಗಿಯನ್ನು ಎತ್ತಿ ಹಿಡಿದರು. ತೋಳು ತಾನಾಗಿಯೇ ಅಡ್ಡಕ್ಕೆ ನಿಂತಿತ್ತು.

"ಭಾವೋಜಿ, ಇಸ್ತ್ರಿಯವನೂ ಇಷ್ಟು ಚೆನ್ನಾಗಿ ಗಂಜಿ ಹಾಕುವುದಿಲ್ಲ. ನಾಳೆಯೂ ಇದೇ ಹೊತ್ತಿಗೆ ಬಿಡುತ್ತೀರಾ? ಎರಡು ಕಾಟನ್ ಸೀರೆ ಉಂಟು."

ಎರಡು ಪಾವು

ಸೇಠ್ ಈ ಸಲ ಏನೂ ಕೇಳಲಿಲ್ಲ. ನಾನು ಮೆಟ್ಟಿಲು ಹತ್ತುವುದನ್ನು ಕಂಡೇ ಒಂದು ಲೀಟರಿಗೂ ಆ ರಾಕ್ಷಸನಿಗೂ ನಡುವಿನ ಗಾತ್ರದ್ದನ್ನು, ಅಂದರೆ ಮೊದಲ ದಿನ ಮೊಟ್ಟಮೊದಲು ಇಳಿಸಿದ್ದನ್ನೇ, ಗಲ್ಲಾದ ಮೇಲೆ ತಂದಿಟ್ಟ. "ಸಾಹೇಬ್, ಅಬ್ ಫ್ಯಾಮಿಲಿ ಮತ್ ಬದಲ್ನಾ." ಇನ್ನು ಸಂಸಾರ ಬದಲಿಸಬೇಡಿ ಎಂದು!

ಇದು ಸರಿಹೋಯಿತು. ಬೆಳ್ತಿಗೆ ಅಕ್ಕಿಗೆ ಅಮ್ಮನೂ ಒಪ್ಪಿದರು. ಆದರೆ ಅದರೊಂದಿಗೆ ಬಂದ ಪ್ಲಾಸ್ಟಿಕ್ ಕಪ್ಪನ್ನು ಮಾತ್ರ ಅವರು ಒಪ್ಪಲಿಲ್ಲ. "ಇದ್ಯಾವ ಅಳತೆ? ಅಂಗಡಿಯವ ಕೊಟ್ಟ ಅಳತೆ ಅಂಗಡಿಯವನಿಗೇ ಲಾಭ" ಎಂದು ತಮ್ಮ ಪೆಟ್ಟಿಗೆಯಿಂದ ಊರಿನ ಹಿತ್ತಾಳೆಯ ಪಾವು ತೆಗೆದುಕೊಟ್ಟರು. ನಮ್ಮ ಮನೆಗೆ ಎರಡು ಪಾವು ಅಕ್ಕಿ. ಪಾತ್ರೆಯ ಒಳಗಿನ ಎರಡನೇ ಗೆರೆಯವರೆಗೆ ನೀರು ಹಾಕಿದರೆ ಅನ್ನ ಮಲ್ಲಿಗೆ.

ತಿಂಗಳು ಮುಗಿಯಲು ಇನ್ನು ಒಂದು ವಾರ ಉಳಿದಿತ್ತು. ಆಗ ನನಗೆ ದವಡೆ ಹಲ್ಲಿನ ನೋವು ಶುರುವಾಯಿತು. ಕೆನ್ನೆ ಊದಿ ಒಂದು ಬದಿ ನಾನು, ಇನ್ನೊಂದು ಬದಿ ಬೇರೆ ಯಾರೋ. ಠಾಣೆಯ ಹಲ್ಲಿನ ಡಾಕ್ಟರು ಬೆಳಿಗ್ಗೆ ಹತ್ತಕ್ಕೆ ಬರಹೇಳಿದರು. ಅದೃಷ್ಟಕ್ಕೆ ಮಳೆಯಿಂದ ಮಗಳ ಶಾಲೆಗೆ ರಜೆ. ಅವಳಿಗೆ ಹದಿನೈದು ವರ್ಷ. ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡ ಹೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಬಾಯಿ ತೆರೆದರೆ ಪ್ರಾಣ ಹೋಗುತ್ತಿತ್ತು. ಆದ್ದರಿಂದ ಆದಷ್ಟು ಚುಟುಕಾಗಿ ಹೇಳಿದೆ: "ಎರಡು ಪಾವು ಹಾಕು. ಗೆರೆವರೆಗೆ ನೀರು. ಗುಂಡಿ ಒತ್ತು."

"ದೋ ಪಾವ್? ಪಕ್ಕಾ, ಪಪ್ಪಾ?"

ತಲೆಯಾಡಿಸಿದೆ. ನನ್ನ ಜೀವಮಾನದಲ್ಲಿ ನಾನು ಕಡಿಮೆ ಮಾತಾಡಿದ್ದು ಅದೊಂದೇ ಸಲ. ಅದಕ್ಕೇ ಅನರ್ಥವಾಯಿತು.

ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಮನೆಗೆ ಬಂದಾಗ ಹನ್ನೆರಡೂ ಮುಕ್ಕಾಲು. ಅಮ್ಮ ತಟ್ಟೆಯ ಮುಂದೆ ಕೂತಿದ್ದಾರೆ. ತಟ್ಟೆಯಲ್ಲಿ ಗೋಡೆಗೆ ಕಾಗದ ಅಂಟಿಸಲು ಕಲಸುತ್ತಾರಲ್ಲ, ಅಂಥದೇ ಒಂದು ಬಿಳೀ ಮುದ್ದೆ. ನಡುವೆ ಅಲ್ಲಲ್ಲಿ ಕಂದು ಬಣ್ಣದ ಸಿಪ್ಪೆ. ಹಬೆ ಏಳುತ್ತಿದೆ.

"ಇದೆಂತದು ಮಾರಾಯ?"

ನನಗೆ ಮಾತಾಡಲಾಗದು. ಮಗಳತ್ತ ಕೈ ತೋರಿಸಿದೆ. ಅವಳಿಗೆ ಅಳುವೇ ಬಂತು. "ಆಪ್ ನೇ ಹೀ ತೋ ಬೋಲಾ, ದೋ ಪಾವ್! ಬಾರಿಶ್ ಮೇ ಬೇಕರಿ ಜಾಕೇ ಲಾಯೀ!"

ಮಳೆಯಲ್ಲಿ ನೆನೆದುಕೊಂಡು ಬೇಕರಿಗೆ ಹೋಗಿ, ಎರಡು ಪಾವ್ ಬ್ರೆಡ್ ತಂದು, ಪಾತ್ರೆಯಲ್ಲಿ ಕೂರಿಸಿ, ಗೆರೆಯವರೆಗೆ ನೀರು ಹಾಕಿ, ಪ್ರಾಮಾಣಿಕವಾಗಿ ಬೇಯಿಸಿಬಿಟ್ಟಿದ್ದಾಳೆ ನನ್ನ ಮಗಳು!

ಅಮ್ಮ ಹಿತ್ತಾಳೆಯ ಅಳತೆಯನ್ನು ಎತ್ತಿ ತೋರಿಸಿದರು. "ಪುಟ್ಟೀ, ಇದು ಪಾವು."

"ಯೇ? ಯೇ ತೋ ಆಪ್‌ಕಾ ಗ್ಲಾಸ್ ಹೈ ನಾ, ಅಜ್ಜೀ?"

ಅಮ್ಮ ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ, ಮೊಣಕಾಲು ಹಿಡಿದುಕೊಂಡು ನಕ್ಕರು. ಮುದ್ದೆಯ ಒಂದು ತುತ್ತನ್ನು ಕಿಟಕಿಯಲ್ಲಿ ಕಾಗೆಗೆ ಇಟ್ಟರು. ಕಾಗೆ ತಲೆಯನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ವಾಲಿಸಿ ನೋಡಿ, ಹಾರಿಹೋಯಿತು. ಕೊನೆಗೆ ಅಮ್ಮ ತೀರ್ಪು ಕೊಟ್ಟರು: "ಹೊತ್ತಿಗೆ ಬಂತು. ಬಿಸಿಯೂ ಇತ್ತು. ಅನ್ನ ಮಾತ್ರ ಅಲ್ಲ. ಮಗುವಿನ ಮುಖ ನೋಡಿ ಅರ್ಧ ತಪ್ಪು ಅಂತ ಹಿಡಿಯುತ್ತೇನೆ."

ಒಟ್ಟು ಎರಡೂವರೆ. ಇನ್ನರ್ಧ ತಪ್ಪಿದರೆ ವಾಶಿಯ ಟೈಪ್‌ರೈಟರಿಗೆ ಬೇರೆ ಬೆರಳು ಹುಡುಕಬೇಕು.

ಆ ಮುದ್ದೆಯೇ? ನಾನೇ ತಿಂದು ಮುಗಿಸಿದೆ. ಹಲ್ಲು ಕಿತ್ತವನಿಗೆ ಅದಕ್ಕಿಂತ ಒಳ್ಳೆಯ ಊಟ ಇಡೀ ಠಾಣೆ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ.

ಕೊನೆಯ ದಿನ

ಮುಂದಿನ ಆರು ದಿನ ನಾನು ಕುಕ್ಕರ್ ಬಿಟ್ಟು ಅಲುಗಲಿಲ್ಲ. ಪೇಪರ್ ನಿಲ್ಲಿಸಿದೆ. ಸ್ನಾನವನ್ನೂ 'ಟಕ್' ಎಂದ ಮೇಲೆ ಮಾಡುತ್ತಿದ್ದೆ. ಅಂತೂ ಅಮ್ಮ ಕೊಟ್ಟ ತಿಂಗಳಿನ ಕಟ್ಟಕಡೆಯ ದಿನ ಬಂತು. ಅವತ್ತು ನನಗೆ ವಾರದ ರಜೆ.

ಬೆಳಿಗ್ಗೆ ಏಳಕ್ಕೆ ಹೆಂಡತಿ ಕೊಡೆ ಬಿಚ್ಚುತ್ತ, ಲೋಕಲ್ ತಪ್ಪುತ್ತದೆಂಬ ಗಡಿಬಿಡಿಯಲ್ಲಿ ಹೇಳಿ ಹೋದಳು: "ಇವತ್ತು ಅನ್ನದ ಕೆಲಸ ಇಲ್ಲ ನಿಮಗೆ. ಅತ್ತೆಗೆ ಗೊತ್ತುಂಟು."

ನಾನು ಬಾಗಿಲಿಗೆ ಓಡಿದೆ. ಅನ್ನದ ಕೆಲಸ ಇಲ್ಲವೆಂದರೆ? ಅತ್ತೆ ಸೊಸೆ ನನಗೆ ತಿಳಿಯದಂತೆ ಮಾತಾಡಿಕೊಂಡಿದ್ದಾರೆಯೇ? ರಾಜೀನಾಮೆ ಕೊಡಲು ಹೋಗುತ್ತಿದ್ದಾಳೆಯೇ ಇವಳು? ಕೂಗುವಷ್ಟರಲ್ಲಿ ಅವಳು ಮೂರು ಮಹಡಿ ಇಳಿದಾಗಿತ್ತು.

ಸೋಲಬಾರದು ಎಂದು ನಿಶ್ಚಯಿಸಿದೆ. ಅಡಿಗೆಮನೆಗೆ ಹೋಗಿ ನೋಡಿದರೆ ಸಾರಿಲ್ಲ, ಪಲ್ಯವಿಲ್ಲ. ಒಂದು ಪಾತ್ರೆಯಲ್ಲಿ ಸಾಬುದಾಣಿ ಖಿಚಡಿ ಮಾತ್ರ. ತಿಂಡಿಗೆ ಮಾಡಿಟ್ಟಿದ್ದಾಳೆಂದು ಎರಡು ಸಲ ಹಾಕಿಕೊಂಡು ತಿಂದೆ, ಚೆನ್ನಾಗಿತ್ತು. ಆಮೇಲೆ ಹೊಸ ಅಕ್ಕಿ ಆರಿಸಿ, ಮೂರು ನೀರಿನಲ್ಲಿ ತೊಳೆದು, ಪಾವು ಹಿಡಿದು ಅಳೆದು, ಗೆರೆಗೆ ಕಣ್ಣು ಸಮ ಮಾಡಿ ನೀರು ಹಾಕಿದೆ. ಕಾರ್ಖಾನೆಯಲ್ಲಿ ನಾನು ಯಾವ ಅಳತೆಯನ್ನೂ ಅಷ್ಟು ಭಕ್ತಿಯಿಂದ ನೋಡಿದ್ದಿಲ್ಲ.

ಸರಿಯಾಗಿ ಹನ್ನೆರಡೂವರೆಗೆ ಅಮ್ಮನ ತಟ್ಟೆಗೆ ಬಡಿಸಿದೆ. ಅಗುಳಿಗೆ ಅಗುಳು ಅಂಟಿಲ್ಲ, ಒಂದೂ ಗಟ್ಟಿಯಿಲ್ಲ. ಹಬೆ ಅಮ್ಮನ ಕನ್ನಡಕಕ್ಕೆ ಹಿಡಿಯಿತು. ಮೊದಲು ತುಪ್ಪ ಉಪ್ಪು ಕಲಸಿ ಉಂಡರು. ಆಮೇಲೆ ಮಾವಿನ ಉಪ್ಪಿನಕಾಯಿಯ ರಸದಲ್ಲಿ. ಆಮೇಲೆ, "ಇನ್ನು ಸ್ವಲ್ಪ ಹಾಕು ಮಗಾ" ಎಂದು ಗಟ್ಟಿ ಮೊಸರಿನಲ್ಲಿ. ಉಂಡು, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ಹೇಳಿದರು:

"ಸತ್ಯ ಹೇಳುತ್ತೇನೆ, ನಾನು ಮಾಡಿದರೂ ಇಷ್ಟು ಹದ ಬರುವುದಿಲ್ಲ. ಗೆದ್ದೆ ನೀನು. ಸಂಜೆ ಅವಳು ಬಂದ ಮೇಲೆ ನಾನೇ ಹೇಳುತ್ತೇನೆ. ಆದರೂ ಸ್ವಲ್ಪ ಯೋಚಿಸಿ ಹೇಳುತ್ತೇನೆ."

ಈ 'ಆದರೂ ಸ್ವಲ್ಪ ಯೋಚಿಸಿ' ಕೇಳಿ ನನ್ನ ಖುಷಿ ಅರ್ಧಕ್ಕಿಳಿಯಿತು.

ನಾಲ್ಕು ಗಂಟೆಗೆ ಕೆಳಗಿನ ಕಾಕು ಮೇಲೆ ಬಂದರು. ಹಣೆಯಲ್ಲಿ ಬುಕ್ಕಾದ ಕಪ್ಪು ಬೊಟ್ಟು, ಕೈಯಲ್ಲಿ ತುಳಸಿ. ಅಮ್ಮನ ಎದುರು ಕೂತು, ಬಹಳ ಗೌರವದಿಂದ ಕೇಳಿದರು: "ಆಜೀ, ತುಮಚಾ ಉಪವಾಸ ನಿರ್ಜಲ ಅಸತೋ ಕಾ?"

ನಿಮ್ಮ ಉಪವಾಸ ಒಂದು ತೊಟ್ಟು ನೀರೂ ಕುಡಿಯದ ಉಪವಾಸವಂತೆ, ಹೌದೇ ಎಂದು.

ಅಮ್ಮನಿಗೆ ಮರಾಠಿ ಬರುತ್ತಿರಲಿಲ್ಲ, ಆದರೆ 'ಉಪವಾಸ'ವೂ 'ನಿರ್ಜಲ'ವೂ ಯಾವ ಭಾಷೆಯಲ್ಲೂ ಅದೇ. ಅವರ ಮುಖದ ಬಣ್ಣ ಇಳಿಯಿತು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ತಿಂಗಳ ಹಾಳೆ ತಿರುವುವುದು ನಮ್ಮ ಮನೆಯವಳ ಕೆಲಸ. ನೌಕರಿಯ ಗಡಿಬಿಡಿಯಲ್ಲಿ ಮರೆತಿದ್ದಳು. ಜುಲೈ ಅರ್ಧ ದಾಟಿದ್ದರೂ ಗೋಡೆಯಲ್ಲಿ ಜೂನ್ ನೇತಾಡುತ್ತಿತ್ತು. ಐವತ್ತು ವರ್ಷದಿಂದ ಅಮ್ಮ ವರ್ಷದ ಆ ಒಂದು ತಿಥಿಯಲ್ಲಿ ಒಂದು ಅಗುಳು ಬಾಯಿಗಿಟ್ಟವರಲ್ಲ.

ಅಮ್ಮ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ.

"ಹೋ" ಎಂದು ಕೊನೆಗೆ ಅಮ್ಮ ಮರಾಠಿಯಲ್ಲೇ ಹೌದೆಂದರು, ಸಣ್ಣ ದನಿಯಲ್ಲಿ. "ನಿರ್ಜಲ."

"ಧನ್ಯ ಆಹಾತ ತುಮ್ಹೀ!" ಎಂದು ಕಾಕು ಬಗ್ಗಿ ಅವರ ಎರಡೂ ಪಾದಗಳನ್ನು ಹಿಡಿದು ನಮಸ್ಕಾರ ಮಾಡಿದರು. ಅದೇ ಗಳಿಗೆಯಲ್ಲಿ ಅಮ್ಮನ ಹೊಟ್ಟೆಯ ಆಳದಿಂದ ತುಪ್ಪ, ಉಪ್ಪಿನಕಾಯಿ, ಮೊಸರು ಮೂರೂ ಸೇರಿದ ಒಂದು ದೀರ್ಘ ತೇಗು ಹೊರಟಿತು. ಕಾಕು ತಲೆಯೆತ್ತಿದರು.

"ವಾಯು" ಎಂದರು ಅಮ್ಮ.

"ಹೋಣಾರಚ" ಎಂದರು ಕಾಕು ಮರುಕದಿಂದ. ಆಗದೆ ಇರುತ್ತದೆಯೇ? ಹೊಟ್ಟೆ ಪೂರ್ತಿ ಖಾಲಿಯಲ್ಲವೇ ಪಾಪ!

ಕಾಕು ಹೋದ ಮೇಲೆ ಅಮ್ಮ ಎದ್ದು ಬಾಗಿಲ ಚಿಲಕ ಹಾಕಿದರು. ಮೊಣಕಾಲು ನೋವಿರುವವರು ಅಷ್ಟು ಬೇಗ ನಡೆದದ್ದನ್ನು ನಾನು ನೋಡಿದ್ದಿಲ್ಲ. "ಮಗಾ, ಆ ತಟ್ಟೆ ತೊಳೆ. ಆ ಯಂತ್ರವನ್ನೂ ತೊಳೆದು ಒರೆಸು. ಉಳಿದ ಅನ್ನ ಎಂತ ಮಾಡುತ್ತೀ?"

"ಕಾಗೆಗೆ ಹಾಕಲೇ?"

"ಕಾಗೆಯೂ ನೋಡುವುದು ಬೇಡ. ನೀನೇ ತಿನ್ನು. ನೀನು ಹೇಗೂ ಬೆಳಿಗ್ಗೆ ಇಡೀ ಮನೆಗೆ ಉಪವಾಸದ ಫಲಾಹಾರವೆಂದು ಮಾಡಿಟ್ಟ ಖಿಚಡಿ ತಿಂದು ಮುಗಿಸಿದವ. ಮತ್ತೆ ಇದು ಅವಳ ಕಿವಿಗೆ ಬೀಳಬಾರದು. ಬಿದ್ದರೆ ನಾನು ಉಡುಪಿಯ ಬಸ್ಸು ಹತ್ತಿದೆ ಅಂತಲೇ ತಿಳಿ."

ಸಂಜೆ ಏಳೂವರೆಗೆ ಹೆಂಡತಿ ಬಂದಳು. ಹಗಲೆಲ್ಲ ಏನೂ ತಿನ್ನದೆ ಬಾಡಿಹೋಗಿದ್ದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು: "ಅತ್ತೆ, ತಿಂಗಳು ಇವತ್ತಿಗೆ ಮುಗಿಯಿತಲ್ಲ. ನಿಮ್ಮ ತೀರ್ಮಾನ ಏನು?"

ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ತೀರ್ಮಾನ ಎಂತ ಬಂತು? ನಾಳೆಯೂ ಹೋಗು. ನಾಡಿದ್ದೂ ಹೋಗು. ಕೆಲಸ ಮಾಡುವ ಹೆಂಗಸನ್ನು ತಡೆಯಲು ನಾನು ಯಾರು? ಯಂತ್ರ ಚಿನ್ನದಂಥಾದ್ದು. ಒಳಗೆ ಬಾ, ಮಗಳೇ."

ಅವಳು ನಂಬಲಾಗದೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಅಮ್ಮನ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡಳು. ಮುಂದೆ ಹದಿನಾಲ್ಕು ವರ್ಷ ಅದೇ ಪೇಢಿಯಲ್ಲಿ ಕೆಲಸ ಮಾಡಿ ಹೆಡ್ ಕ್ಲರ್ಕ್ ಆಗಿ ನಿವೃತ್ತಳಾದಳು. ಅಷ್ಟು ವರ್ಷದಲ್ಲಿ ಅನ್ನ ತಡವಾದ ದಿನಗಳೂ ಇದ್ದವು, ತಳ ಹಿಡಿದ ದಿನಗಳೂ ಇದ್ದವು. ಅಮ್ಮ ತುಟಿ ಬಿಚ್ಚಲಿಲ್ಲ. ಬಿಚ್ಚಬೇಕೆಂದು ಬಾಯಿ ತೆರೆದಾಗಲೆಲ್ಲ ನಾನು ಸುಮ್ಮನೆ ಕ್ಯಾಲೆಂಡರ್ ಕಡೆ ನೋಡುತ್ತಿದ್ದೆ.

ಅದು ಯಾವ ದಿನ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಪಂಢರಪುರದಲ್ಲಿ ಜನಸಾಗರ ಹೊಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದಾಗ, ಡೊಂಬಿವಲಿಯ ಮೂರನೇ ಮಹಡಿಯಲ್ಲಿ ನಮ್ಮ ಅಮ್ಮ "ಇನ್ನು ಸ್ವಲ್ಪ ಹಾಕು ಮಗಾ" ಎಂದು ಮೂರನೇ ಸಲ ತಟ್ಟೆ ಮುಂದೆ ಮಾಡಿದ ಆ ದಿನ, ಆಷಾಢ ಶುದ್ಧ ಏಕಾದಶಿ.